ರಾತ್ರಿ ಉಳಿದವರ ಪಾಳಿ

ಮರಿಸ್ವಾಮಿ ಬಣ್ಣದ ಮಾನಿಟರ್ ತಂದ ದಿನವೇ ಅಯ್ಯಮ್ಮನಿಗೆ ಅವನ ಮೇಲೆ ಸಿಟ್ಟು ಬಂತು ಎಂದರೆ ಸುಳ್ಳಾದೀತು. ಮಾನಿಟರ್ ಅವಳಿಗೂ ಬೇಕಾಗಿತ್ತು. ಸಿಟ್ಟು ಬಂದದ್ದು ಮರುದಿನ. ಚಾಲೂ ಮಾಡಿದ ಕೂಡಲೇ, ಪ್ರೋಗ್ರಾಮ್ ಕೊಳ್ಳಲಿದ್ದ ಏಳು ಮಿಲ್ಲುಗಳ ಸಾವ್ಕಾರನ ಹೆಸರು ಹಳದಿ ಅಕ್ಷರದಲ್ಲಿ ಮಿನುಗಬೇಕು, ಅದರ ಮೇಲೊಂದು ಲಕ್ಷ್ಮಿಯ ಚಿತ್ರ ಬರಬೇಕು, ಉಳಿದದ್ದೆಲ್ಲ ಬಿಟ್ಟು ಮೊದಲು ಇದನ್ನು ಮುಗಿಸು ಎಂದು ಅವನು ಹೇಳಿದಾಗ.

“ಲಕ್ಷ್ಮಿ ಆಮ್ಯಾಲ ಬರ್ಲಿ,” ಎಂದಳು ಅಯ್ಯಮ್ಮ. “ತಂತಿ ತಳದಾಗ ಲಿಂಗಸುಗೂರಿನ ಚೀಟಿ ಐತಿ. ಅದು ಬಂದು ಎಷ್ಟು ದಿನಾತು ನೋಡು.”

“ಇರ್ಲಿ ಬಿಡು. ಅದೆಲ್ಲಿ ಹೋಗ್ತೈತಿ?”

“ಎಲ್ಲೂ ಹೋಗಂಗಿಲ್ಲ. ಅಲ್ಲಿ ಚಳಿಯಾಗ ಬಂಡಿ ಕೆಳಗ ಮಲಗಿದ ಮಂದೀನೂ ಎಲ್ಲೂ ಹೋಗಂಗಿಲ್ಲ.”

ಮರಿಸ್ವಾಮಿ ಫೋನಿನ ಕಡೆ ತಿರುಗಿದ. ಈಚೆಗೆ ಅವನಿಗೆ ಫೋನು ಬಹಳ ಅನುಕೂಲವಾಗಿತ್ತು.

ಸಿಂಧನೂರಿನ ಗಂಗಾವತಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಅಂಗಡಿಯ ಮೇಲಿನ ಕೋಣೆಯೇ ಅವರ ಕಂಪನಿ. ಮರಿಸ್ವಾಮಿ ಮತ್ತು ಅಯ್ಯಮ್ಮ ರಾಯಚೂರಿನಲ್ಲಿ ಒಂದೇ ಬೆಂಚಿನ ಹಿಂದೆಮುಂದೆ ಕೂತು ಕಂಪ್ಯೂಟರ್ ಕಲಿತವರು. ಅವನ ಮನೆಯಲ್ಲಿ ಕಂಪ್ಯೂಟರ್ ಕೊಳ್ಳುವಷ್ಟು ಅನುಕೂಲವಿತ್ತು. ಅಯ್ಯಮ್ಮ ಸರಕಾರಿ ಹಾಸ್ಟೆಲಿನ ಹುಡುಗಿ, ಟೆಲಿಫೋನ್ ಆಫೀಸಿನ ಲೈನ್‌ಮನ್ ಅಂಬಪ್ಪನ ಮಗಳು. ಅವಳಿಗೆ ಇದ್ದದ್ದು ಪ್ರೋಗ್ರಾಮ್ ಬರೆಯುವ ಹಟ. ಮೂರನೆಯವನು ಹಸನ್‌ಸಾಬ್. ಲಾರಿ ಬುಕಿಂಗ್ ಆಫೀಸಿನಲ್ಲಿ ಕೂದಲು ಹಣ್ಣಾಗಿಸಿಕೊಂಡ ಮನುಷ್ಯ. ಸುತ್ತಲಿನ ಮಿಲ್ಲುಗಳ ಗೇಟಿನವರೆಲ್ಲ ಅವನಿಗೆ ಗೊತ್ತು. ಫ್ಲಾಪಿಗಳನ್ನು ರೊಟ್ಟಿ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದ. “ಕಂಡಕ್ಟರ್ ಇದೇನು ಅಂದ್ರ ರೊಟ್ಟಿ ಅಂತೀನಿ. ಚೌಕ ರೊಟ್ಟಿ. ಕಡದ್ರ ಹಲ್ಲು ಹೋಗ್ತಾವ,” ಎನ್ನುತ್ತಿದ್ದ.

ತೊಂಬತ್ನಾಲ್ಕರ ಭತ್ತದ ಸುಗ್ಗಿಯಲ್ಲಿ ಅವರಿಗೆ ಮೊದಲ ಗಿರಾಕಿ ಸಿಕ್ಕಿದ್ದು ಬಡಿದಾಟದ ಪುಣ್ಯದಿಂದ. ಕಾಲುವೆ ಸೇತುವೆಯವರೆಗೆ ಬಂಡಿ, ಟ್ರ್ಯಾಕ್ಟರ್ ಸಾಲುಗಟ್ಟಿ ನಿಲ್ಲುತ್ತಿದ್ದವು. ಭತ್ತದ ಗಾಡಿಯನ್ನು ಹಾಗೇ ನಿಲ್ಲಿಸಿ ತೂಗುವ ದೊಡ್ಡ ಕಾಟಾದ ಹತ್ತಿರ ನಂದು ಮೊದಲು, ನಿಂದು ಆಮೇಲೆ ಎಂದು ದಿನಾ ಜಗಳ. ಮ್ಯಾನೇಜರನ ಬೀಗರು ಹಿಂದಿನಿಂದ ಬಂದು ಮುಂದೆ ಹೋಗುತ್ತಿದ್ದರು. ಒಬ್ಬನ ಎರಡು ಹಲ್ಲು ಉದುರಿ ಪೊಲೀಸರು ಬಂದ ಮೇಲೆ ಮಿಲ್ಲಿನ ಮಾಲಕ ಹೈರಾಣಾಗಿ, ಏನಾದರೂ ಮಾಡಿ ಎಂದ. ಅಯ್ಯಮ್ಮ ಮಾಡಿದಳು. ಗೇಟಿಗೆ ಬಂದ ಕೂಡಲೇ ಹೆಸರು, ಊರು ಒತ್ತಿದರೆ ಕನ್ನಡ ಅಕ್ಷರದಲ್ಲಿ ಪಾಳಿಯ ಚೀಟಿ ಬರುತ್ತಿತ್ತು. ಮುಂದಿನ ನಂಬರಿನವರ ತೂಕ ಬಿಟ್ಟು ಬೇರೆಯವರ ತೂಕವನ್ನು ಯಂತ್ರ ಬರೆದುಕೊಳ್ಳುತ್ತಿರಲಿಲ್ಲ, ಮಾಲಕನ ಬೀಗನಾದರೂ ಅಷ್ಟೆ. ದಢೇಸುಗೂರಿನ ಗಿಡ್ಡಪ್ಪ ಎಂಬವನು ಮೊದಲ ಚೀಟಿಯನ್ನು ಹಿಂದೆಮುಂದೆ ಓದಿ, ರುಮಾಲಿನಲ್ಲಿ ಸಿಗಿಸಿಕೊಂಡು, ಬಂಡಿ ಬಿಟ್ಟು ಚಹಾ ಕುಡಿಯಲು ಹೋದ. ಆ ಗೇಟಿನಲ್ಲಿ ಪಾಳಿಗೆ ನಿಂತವನೊಬ್ಬ ನಿಶ್ಚಿಂತೆಯಿಂದ ಚಹಾಕ್ಕೆ ಹೋದದ್ದು ಅದೇ ಮೊದಲು. ಅಯ್ಯಮ್ಮನಿಗೆ ಅಂದು ಸಿಕ್ಕ ಸಂತೋಷ ಆಮೇಲೆ ಯಾವ ಗಿರಾಕಿಯಿಂದಲೂ ಸಿಗಲಿಲ್ಲ.

ಆ ಉಮೇದಿನಲ್ಲಿ ಮೂವರೂ ತಮಗೂ ಅದೇ ಕಾನೂನು ಮಾಡಿಕೊಂಡರು. ಹಸನ್‌ಸಾಬ್ ಗೇಟುಗಳಿಂದ ತಂದ ತಕರಾರುಗಳನ್ನು ಚೀಟಿಯಲ್ಲಿ ಬರೆದು, ಕಿಟಕಿಯ ಪಕ್ಕ ನೇತುಹಾಕಿದ ತಂತಿಗೆ ಚುಚ್ಚುವುದು. ಕೆಲಸ ಯಾವಾಗಲೂ ತಳದ ಚೀಟಿಯಿಂದಲೇ. ತಕರಾರು ಮಾಲಕನದೋ ಹಮಾಲನದೋ ಕೇಳಬಾರದು. ಮರಿಸ್ವಾಮಿಯೇ ಅಂದಿದ್ದ, “ಊರಿಗೆ ಪಾಳಿ ಹೇಳೋರು ನಾವು. ನಮ್ಮ ಮನಿಯಾಗ ಪಾಳಿ ಇರ್ಲಿಲ್ಲಂದ್ರ ಮಂದಿ ಉಗೀತಾರ.”

ಗಿರಾಕಿಗಳು ಹೆಚ್ಚಿದಂತೆ ತಂತಿ ಭರ್ತಿಯಾಗತೊಡಗಿತು. ಇನ್ನೂ ಇಬ್ಬರು ಹುಡುಗರು ಕೆಲಸಕ್ಕೆ ಬಂದರು. ಮಸ್ಕಿಯ ಜಿನ್, ಲಿಂಗಸುಗೂರಿನ ಜಿನ್, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಗಳೂ ಪ್ರೋಗ್ರಾಮ್ ಕೊಂಡವು. ಮೊದಮೊದಲು ಮರಿಸ್ವಾಮಿ ತಂತಿಯ ನಡುವಿನ ಚೀಟಿಯೊಂದನ್ನು ಕಿತ್ತು ಟೇಬಲ್ಲಿಗೆ ತರುವಾಗ ಸ್ವಲ್ಪ ನಾಚುತ್ತಿದ್ದ. “ಇದೊಂದು ಸಲ” ಎನ್ನುತ್ತಿದ್ದ. ಆಮೇಲೆ ನಾಚಿಕೆ ಬಿಟ್ಟ. ಆಮೇಲೆ ಚೀಟಿಯನ್ನೇ ಬಿಟ್ಟ. ಫೋನಿನಲ್ಲಿ ಕೇಳಿದ್ದನ್ನು ಬಾಯಲ್ಲೇ ಹೇಳತೊಡಗಿದ. ಮಾಲಕನಿಗೆ ದಿನದ ವರದಿ ಬೇಕು. ತೆರಿಗೆಯವರಿಗೆ ತೋರಿಸಲು ಬೇರೆ ವರದಿ ಬೇಕು. ಚೀಟಿ ಇಂಗ್ಲಿಷಿನಲ್ಲಿ ಬಂದರೆ ಪ್ರಿಂಟರ್ ಜಲ್ದಿ ಓಡುತ್ತದೆ, ಕನ್ನಡ ತೆಗೆ. ಕನ್ನಡ ತೆಗೆಯುವುದಕ್ಕೆ ಅಯ್ಯಮ್ಮ ಒಪ್ಪಲಿಲ್ಲ. ಉಳಿದದ್ದನ್ನೆಲ್ಲ ಮಾಡಿಕೊಟ್ಟಳು. ಮಾಡಿಕೊಟ್ಟಷ್ಟೂ ತಳದ ಚೀಟಿ ತಳದಲ್ಲೇ ಉಳಿಯಿತು.

ಆ ಚೀಟಿ ಅವಳದೇ ತಪ್ಪಿನ ಕುರಿತದ್ದು. ಸಿಂಧನೂರಿನ ಮೊದಲ ಮಿಲ್ಲಿನಲ್ಲಿ ಮಾಲಕ ದಿನಾ ಮುಂಜಾನೆ ಕಾಟಾಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದ. ಹಿಂದಿನ ದಿನದ ಬಾಕಿ ಇಟ್ಟುಕೊಂಡು ಪೂಜೆ ಮಾಡಬಾರದು ಎಂದು ಅಲ್ಲಿನ ರೂಢಿ. ಸಂಜೆ ದೀಪ ಹಚ್ಚುವ ಮೊದಲೇ, ಬಂದ ಗಾಡಿಗಳನ್ನೆಲ್ಲ ತೂಗಿ ಮುಗಿಸಿಬಿಡುತ್ತಿದ್ದರು. ಮರುದಿನ ಕಾಯಿ ಒಡೆದ ಮೇಲೆ ಒಂದನೇ ನಂಬರಿನಿಂದ ಶುರು. ಅಯ್ಯಮ್ಮ ಅದನ್ನು ನೋಡಿ, ಪೂಜೆಯಾದ ಮೇಲೆ ಕಾರಕೂನ ‘ಹೊಸ ದಿನ’ ಎಂದು ಒತ್ತಿದರೆ ಹಳೆಯ ನಂಬರೆಲ್ಲ ಅಳಿಸಿಹೋಗುವಂತೆ ಬರೆದಿದ್ದಳು. ಎಲ್ಲ ಊರಿನ ಕಾಟಾಕ್ಕೂ ಇದೇ ಪೂಜೆ, ಇದೇ ರೂಢಿ ಎಂದುಕೊಂಡಿದ್ದಳು.

ಲಿಂಗಸುಗೂರಿನಲ್ಲೂ ಪೂಜೆ ಇತ್ತು. ರೂಢಿ ಮಾತ್ರ ಇರಲಿಲ್ಲ. ಹತ್ತಿ ಬಿಡಿಸಿ ದೂರದ ಊರುಗಳಿಂದ ಹೊರಟ ಎತ್ತಿನ ಬಂಡಿಗಳು ಅಲ್ಲಿ ಮುಟ್ಟುವುದೇ ಸಂಜೆಗೆ. ಚೀಟಿ ಪಡೆದು ಗೇಟಿನ ಹೊರಗೆ ರಾತ್ರಿ ಕಳೆಯಬೇಕು. ಹತ್ತಿಯ ಪಕ್ಕ ಬೆಂಕಿ ಹಾಕುವಂತಿಲ್ಲ, ಬೀಡಿ ಸೇದುವಂತಿಲ್ಲ. ಬೆಳಿಗ್ಗೆ ಕಾಯಿ ಒಡೆದೊಡನೆ ಅವರ ನಂಬರು ಮಾಯ. ಅಷ್ಟರಲ್ಲಿ ಸಮೀಪದ ಟ್ರ್ಯಾಕ್ಟರಿನವರು ಗೇಟಿಗೆ ಬಂದು ನಿಂತಿರುತ್ತಿದ್ದರು. ಹೊಸ ಚೀಟಿ ಅವರಿಗೇ ಮೊದಲು. ರಾತ್ರಿ ಉಳಿದವರ ಪಾಳಿ ಉಳಿಸಬೇಕು ಎಂದು ಹಸನ್‌ಸಾಬ್ ಬರೆದು ಚುಚ್ಚಿದ್ದು ಹತ್ತಿಯ ಸುಗ್ಗಿ ಹಿಡಿದಾಗ. ಈಗ ಸಂಕ್ರಾಂತಿ ಕಳೆದಿತ್ತು.

“ಲಕ್ಷ್ಮಿ ಆದ ಮ್ಯಾಲ ಇನ್ನೊಂದೈತಿ,” ಎಂದ ಮರಿಸ್ವಾಮಿ ಫೋನಿಟ್ಟು. “ಸಾವ್ಕಾರ್ರು ಒಂದು ಕೀಲಿ ಕೇಳ್ಯಾರ. ಅದನ್ನ ಒತ್ತಿದ್ರ ಅವ್ರು ಹೇಳಿದ ಗಾಡಿ ಮುಂದ ಬರ್ಬೇಕು. ಅದಿದ್ರ ಏಳೂ ಮಿಲ್ಲಿಗೆ ತಗೊಳ್ತಾರ.”

ಅಯ್ಯಮ್ಮನಿಗೆ ಮೊದಲು ತಮಾಷೆ ಎನಿಸಿತು. “ಹಂಗಾರ ಪಾಳಿ ಯಾಕ? ಮೊದಲಿನ ಮ್ಯಾನೇಜರ್ ಏನು ಕೆಟ್ಟಿದ್ದ?”

“ಮ್ಯಾನೇಜರ್ ಮಾಡಿದ್ರ ಮಂದಿ ಹೊಡೀತಾರ. ಕಂಪ್ಯೂಟರ್ ಮಾಡಿದ್ರ ಯಾರು ಹೊಡೀತಾರ?”

ಅವನು ನಗಲಿಲ್ಲ. ನಿಜವನ್ನೇ ಹೇಳಿದ್ದ. ಎರಡು ದಿನ ಗಂಗಾವತಿ ಕಡೆ ಹೋಗಿಬರುತ್ತೇನೆ, ಅಷ್ಟರಲ್ಲಿ ಲಕ್ಷ್ಮಿ ಮುಗಿದಿರಲಿ ಎಂದು ಹೋದ.

ಆ ಎರಡು ದಿನದಲ್ಲಿ ಅಯ್ಯಮ್ಮ ಲಕ್ಷ್ಮಿಯನ್ನು ಮುಟ್ಟಲಿಲ್ಲ. ತಳದ ಚೀಟಿಯನ್ನು ತಂತಿಯಿಂದ ಬಿಡಿಸಿ ಮುಂದಿಟ್ಟುಕೊಂಡು, ರಾತ್ರಿ ಉಳಿದವರ ನಂಬರು ಮುಂಜಾನೆಗೂ ನಿಲ್ಲುವ ಹಾಗೆ ಪ್ರೋಗ್ರಾಮನ್ನು ತಿದ್ದಿದಳು. ಎಷ್ಟು ತಿಂಗಳು ಕಾಯಿಸಿದ ಕೆಲಸ ಇಷ್ಟೇನಾ ಎಂದು ಅವಳಿಗೇ ನಾಚಿಕೆಯಾಯಿತು.

“ಕಾಕಾ, ಈ ಸಲ ನಾನೂ ಬರ್ತೀನಿ,” ಎಂದಳು ಹಸನ್‌ಸಾಬ್‌ಗೆ.

“ಬಾ ತಂಗಿ. ಇಷ್ಟು ದಿನ ಬೈಗುಳ ಎಲ್ಲ ನಾ ಒಬ್ಬನ ತಿಂದೀನಿ. ನಿನ್ನ ಪಾಲು ತೆಗದಿಟ್ಟೀನಿ.”

ಮೊದಲ ಬಸ್ಸು ಮಸ್ಕಿ ದಾಟಿ ಲಿಂಗಸುಗೂರು ಮುಟ್ಟಿದಾಗ ಬಿಸಿಲು ಆಗತಾನೇ ಬೀಳುತ್ತಿತ್ತು. ಜಿನ್ನಿನ ಗೋಡೆಯ ಉದ್ದಕ್ಕೂ ಬಂಡಿಗಳು. ಹತ್ತಿಯ ಮೇಲೆ ಹೊದಿಸಿದ ಗೋಣಿತಟ್ಟುಗಳು ಮಂಜಿಗೆ ತೊಯ್ದಿದ್ದವು. ಗೇಟಿನ ಬಾಯಿಗೆ ಟ್ರ್ಯಾಕ್ಟರುಗಳು ಆಗಲೇ ಬಂದು ನಿಂತಿದ್ದವು. ಸಾಲಿನ ಮೊದಲ ಬಂಡಿಯ ನೊಗದ ಹತ್ತಿರ, ತಲೆಗೆ ಚಾದರ ಸುತ್ತಿಕೊಂಡ ಹೆಂಗಸೊಬ್ಬಳು ರಾಗಿಬಣ್ಣದ ಎತ್ತಿನ ಕೊರಳು ಉಜ್ಜುತ್ತಿದ್ದಳು. ಹಸನ್‌ಸಾಬ್‌ನನ್ನು ಕಂಡು ಅಲ್ಲಿಂದಲೇ ಶುರುಮಾಡಿದಳು.

“ಬಂದ್ಯಾ ಸಾಬಣ್ಣ? ನಿನ್ನ ಯಂತ್ರ ಇವತ್ತೂ ನಮ್ಮನ್ನ ನುಂಗತೈತೇನು?”

“ಈಕಿ ಸಂತೆಕಲ್ಲೂರಿನ ಆದಮ್ಮ,” ಎಂದ ಹಸನ್‌ಸಾಬ್ ಅಯ್ಯಮ್ಮನಿಗೆ. “ನಾ ಹೇಳಿದ್ನಲ್ಲ, ನಿನ್ನ ಪಾಲು.”

ಆದಮ್ಮ ರವಿಕೆಯೊಳಗಿಂದ ಚೀಟಿ ತೆಗೆದು ಅಯ್ಯಮ್ಮನ ಮುಖಕ್ಕೆ ಹಿಡಿದಳು. “ನಿನ್ನೆ ಹೊತ್ತು ಮುಣುಗೂದಕ್ಕ ಕೊಟ್ಟದ್ದು. ನಲ್ವತ್ತೊಂದು ಅಂತ ಬರದೈತಿ. ಈಗ ಪೂಜೆ ಆದ್ರ ಇದು ಬೀಡಿ ಕಟ್ಟಾಕೂ ಬರಂಗಿಲ್ಲ. ಯಾಕಪ್ಪ ಅಂತ ಆ ಕಾರಕೂನಗ ಕೇಳಿದ್ರ, ಕಂಪ್ಯೂಟರ್ ಹಂಗ ಹೇಳ್ತೈತಿ ಅಂತಾನ. ಅದಕ್ಕ ಬಾಯಿ ಎಲ್ಲೈತಿ ತೋರ್ಸು, ನಾನೂ ಎರಡು ಮಾತು ಕೇಳ್ತೀನಿ.”

“ಇವತ್ತು ಸರಿ ಮಾಡಾಕ ಬಂದೀನಿ, ಯಕ್ಕ,” ಎಂದಳು ಅಯ್ಯಮ್ಮ.

“ಮಾಡು. ಮಾಡಿದ ಮ್ಯಾಲ ಯಕ್ಕ ಅನ್ನು.”

ಅವರು ಕಾಟಾದ ಕೋಣೆಗೆ ಹೋಗುವಷ್ಟರಲ್ಲಿ ಕಾಯಿ ಒಡೆದಾಗಿತ್ತು, ಕಾರಕೂನ ಕನಕರಾಯ ‘ಹೊಸ ದಿನ’ ಒತ್ತಿ ಮುಗಿಸಿದ್ದ. ಫ್ಲಾಪಿ ನೋಡಿ, ಸಾವ್ಕಾರರನ್ನು ಕೇಳದೆ ಹಾಕುವುದಿಲ್ಲ ಎಂದ. ಜಿನ್ನಿನ ಸಾವ್ಕಾರ ಕೈಯ ಕುಂಕುಮ ಒರೆಸಿಕೊಳ್ಳುತ್ತ ಬಂದ. ಅಯ್ಯಮ್ಮ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದ. ಕೊಬ್ಬರಿಯ ಚೂರೊಂದನ್ನು ಅವಳ ಕೈಗೂ ಕೊಟ್ಟ.

“ಬರೋಬ್ಬರಿ ಮಾಡೀಯವ್ವ. ಆದ್ರ ನನಗ ಬ್ಯಾಡ.”

“ಯಾಕ್ರಿ?”

“ಟ್ರ್ಯಾಕ್ಟರಿನೋರಿಗೆ ನಂಬರ್ ಹಿಂದ ಬಂದ್ರ ಗೇರ್ ಹಾಕಿ ಬ್ಯಾರೆ ಜಿನ್ನಿಗೆ ಹೋಗ್ತಾರ. ಬಂಡಿಯೋರು ರಾತ್ರಿಯೆಲ್ಲ ಕುಂತೋರು, ಎಲ್ಲಿ ಹೋಗ್ತಾರ? ಇದನ್ನ ಹಿಂಗ ಇರ್ಲಿ ಅಂತ ನಿಮ್ಮ ಮರಿಸ್ವಾಮಿಗೆ ದೀಪಾವಳಿ ಮುಂದನ ಹೇಳೀನಲ್ಲ. ಆತು ಅಂದಿದ್ದ. ನಿಮಗ ಹೇಳಿಲ್ಲೇನು?”

ಅಯ್ಯಮ್ಮ ಹಸನ್‌ಸಾಬ್‌ನ ಮುಖ ನೋಡಿದಳು. ಅವನಿಗೂ ಗೊತ್ತಿರಲಿಲ್ಲ. ಎಲ್ಲಿ ಹೋಗ್ತಾರ ಎಂಬ ಮಾತು, ಚೀಟಿಯ ಕುರಿತು ಮರಿಸ್ವಾಮಿ ಆಡಿದ್ದೇ, ಅವಳಿಗೆ ಎರಡನೆಯ ಸಲ ಬಡಿದಿತ್ತು, ಬೇರೆ ಬಾಯಿಂದ. ಇಷ್ಟು ದಿನ ಅವಳು ತಿಳಿದಿದ್ದು ಕೆಲಸದ ಒತ್ತಡದಲ್ಲಿ ಆ ಚೀಟಿ ಹಿಂದೆ ಬಿತ್ತು ಎಂದು. ಒತ್ತಡವಲ್ಲ, ಒಪ್ಪಂದ. ಅವಳ ತಪ್ಪನ್ನು ಮರಿಸ್ವಾಮಿ ಸದ್ದಿಲ್ಲದೆ ಮಾರಿದ್ದ. ದಿನಾ ಬೆಳಿಗ್ಗೆ ಅವಳ ಎದುರು ಕೂತು, ಚಹಾ ಕುಡಿಯುತ್ತ, ಆ ಚೀಟಿಯನ್ನು ನೋಡಿಯೂ ನೋಡದಂತಿದ್ದ.

“ಈ ಮಿಷಿನ್ನಿನ ಗಿರಾಕಿ ಯಾರವ್ವ? ನಾನೋ, ಹೊರಗ ಕುಂತ ಆಕಿನೋ?” ಎಂದ ಸಾವ್ಕಾರ, ಸಣ್ಣ ಮಕ್ಕಳಿಗೆ ಹೇಳಿಕೊಡುವವನಂತೆ.

ಅಯ್ಯಮ್ಮ ಕೊಬ್ಬರಿ ಚೂರನ್ನು ಕಂಪ್ಯೂಟರಿನ ಪಕ್ಕ ಇಟ್ಟು ಹೊರಗೆ ಬಂದಳು. ಆದಮ್ಮನ ಸುತ್ತ ಬಂಡಿಯವರು ಸೇರಿದ್ದರು. ಅಯ್ಯಮ್ಮನಿಗೆ ಭಾಷಣ ಮಾಡಿ ಗೊತ್ತಿರಲಿಲ್ಲ. ಫ್ಲಾಪಿಯ ರೊಟ್ಟಿ ಡಬ್ಬಿಯನ್ನು ಎತ್ತಿ ಹಿಡಿದಳು.

“ಕಂಪ್ಯೂಟರ್ ಏನೂ ಹೇಳಿಲ್ಲ,” ಎಂದಳು. “ಅದಕ್ಕ ಹಂಗ ಬರದಾಕಿ ನಾನು, ತಿಳೀದ ಬರದೆ. ಸರಿ ಮಾಡಿದ್ದು ಈ ಡಬ್ಬಿಯಾಗೈತಿ. ಈಗ ಹಾಕಿದ್ರ ಈಗ ನಿಮ್ಮ ನಂಬರ್ ಬರ್ತಾವ. ಸಾವ್ಕಾರ್ರು ಬ್ಯಾಡ ಅಂತಾರ. ಯಂತ್ರ ಅಲ್ಲ, ಅವ್ರು ಬ್ಯಾಡ ಅಂತಾರ.”

ಮುದುಕನೊಬ್ಬ ತನ್ನ ಚೀಟಿ ತೆಗೆದು ಬಿಸಿಲಿಗೆ ಹಿಡಿದು ನೋಡಿದ, ಅದರಲ್ಲಿ ಇನ್ನೇನಾದರೂ ಬರೆದಿದೆಯೋ ಎಂಬಂತೆ. ಆದಮ್ಮ ಚಾದರ ಕಿತ್ತು ಬಂಡಿಗೆ ಎಸೆದಳು. ಎತ್ತು ಹೂಡಿದಳು. ಮೊದಲ ಟ್ರ್ಯಾಕ್ಟರಿನವನು ಇನ್ನೂ ಚೀಟಿಗಾಗಿ ಕಿಟಕಿಯಲ್ಲಿ ಕೈ ಚಾಚಿದ್ದ. ಅವನ ಪಕ್ಕದಿಂದಲೇ ಬಂಡಿ ಹೊಡೆದುಕೊಂಡು ಹೋಗಿ ಕಾಟಾದ ಕಬ್ಬಿಣದ ಹಲಗೆಯ ನಡುಮಧ್ಯೆ ನಿಲ್ಲಿಸಿದಳು. ಅಲ್ಲೇ ಎತ್ತುಗಳನ್ನು ನೊಗದಿಂದ ಬಿಚ್ಚಿ, ಒಂದನ್ನು ಗೇಟಿನ ಕಂಬಕ್ಕೆ, ಇನ್ನೊಂದನ್ನು ಕಾಟಾ ಕೋಣೆಯ ಕಿಟಕಿಗೆ ಕಟ್ಟಿದಳು. ಆಮೇಲೆ ಬಂಡಿಯ ಮೂಕಿಮರದ ಮೇಲೆ ಕೂತು ಎಲೆ ಅಡಿಕೆಯ ಚೀಲ ಬಿಚ್ಚಿದಳು.

“ಏ, ಬಂಡಿ ತಗೀ ಬೇ,” ಎಂದ ಕನಕರಾಯ.

“ಕಂಪ್ಯೂಟರ್ ಹೇಳ್ಲಿ, ತಗೀತೀನಿ.”

ಟ್ರ್ಯಾಕ್ಟರುಗಳು ಹಾರನ್ ಬಾರಿಸಿದವು. ಹಲಗೆಯ ಮೇಲೆ ತುಂಬಿದ ಬಂಡಿ ಇರುವವರೆಗೆ ಯಾರ ತೂಕವೂ ಆಗುವಂತಿರಲಿಲ್ಲ. ಹಿಂದಿನ ಬಂಡಿಯವರು ಒಬ್ಬೊಬ್ಬರಾಗಿ ಬಂದು ಗೇಟಿನ ಬಾಯಲ್ಲಿ ಕೂತರು. ಸಾವ್ಕಾರ ಸಿಂಧನೂರಿಗೆ ಫೋನು ಹಚ್ಚಿಸಿದ. ಗಂಗಾವತಿಯಿಂದ ಬಂದಿದ್ದ ಮರಿಸ್ವಾಮಿ ಸಿಕ್ಕ. ಸಾವ್ಕಾರ ಬೈದಷ್ಟು ಬೈದು ಫೋನನ್ನು ಅಯ್ಯಮ್ಮನ ಕೈಗೆ ಕೊಟ್ಟ.

“ಯಾರು ಹೋಗಂದ್ರು ನಿನಗ?” ಎಂದ ಮರಿಸ್ವಾಮಿ.

“ನೀ ದೀಪಾವಳಿ ಮುಂದನ ಒಪ್ಪೀಯಂತ.”

“ಬಂದ ಮ್ಯಾಲ ಮಾತಾಡೋಣ. ಮೊದಲು ಅಲ್ಲಿಂದ ಎದ್ದು ಬಾ.”

“ಕೆಲಸ ಮುಗಿಸಿ ಬರ್ತೀನಿ,” ಎಂದು ಅವಳು ಫೋನಿಟ್ಟಳು.

ಮುಗಿಸಿದ್ದು ಟ್ರ್ಯಾಕ್ಟರಿನವರು. ಬಿಸಿಲೇರಿದಂತೆ ಅವರ ಬೈಗುಳ ಬಂಡಿಯವರನ್ನು ಬಿಟ್ಟು ಸಾವ್ಕಾರನ ಕಡೆ ತಿರುಗಿತು. ಅವನ ಹತ್ತಿರದ ನಂಟನೇ ಒಬ್ಬ, “ಮಾವಾ, ಅದೇನು ಹಾಕ್ತಾಳೋ ಹಾಕಿಸಿ ಮುಗಿಸು. ನಾಲ್ಕು ಬಂಡಿ ಮುಂದ ಹೋದ್ರ ನಿನ್ನ ಗಂಟೇನು ಹೋಗ್ತೈತಿ? ನಾವಿಲ್ಲಿ ಡೀಸಲ್ ಕುಡಕೊಂತ ಕುಂತೀವಿ,” ಎಂದ. ಸಾವ್ಕಾರ ಅಯ್ಯಮ್ಮನ ಮುಖ ನೋಡದೆ ಕನಕರಾಯನಿಗೆ ಕೈಸನ್ನೆ ಮಾಡಿ ಒಳಗೆ ಹೋದ.

ಅಯ್ಯಮ್ಮ ಫ್ಲಾಪಿ ಹಾಕಿದಳು. ಅಳಿಸಿಹೋಗಿದ್ದ ನಂಬರುಗಳನ್ನು ಬಂಡಿಯವರ ಕೈಯಲ್ಲಿದ್ದ ಚೀಟಿ ನೋಡಿ ನೋಡಿ ಮತ್ತೆ ತುಂಬಿದಳು. ಪರದೆಯ ಮೇಲೆ ಸಂತೆಕಲ್ಲೂರಿನ ಆದಮ್ಮನ ಹೆಸರು ಬಂದಾಗ ಕಿಟಕಿಯಿಂದ ಕೂಗಿ ಹೇಳಿದಳು. ಆದಮ್ಮ ಅಡಿಕೆ ಉಗುಳಿ, “ಜಲ್ದಿ ಒತ್ತು, ಎತ್ತಿಗೆ ನೀರಡಿಕಿ ಆಗೈತಿ,” ಎಂದಳು. ಅದಕ್ಕಿಂತ ಹೆಚ್ಚಿನ ಉಪಕಾರಸ್ಮರಣೆ ಅಲ್ಲಿ ನಡೆಯಲಿಲ್ಲ.

ಸಿಂಧನೂರಿನ ಕೋಣೆಯಲ್ಲಿ ಮರಿಸ್ವಾಮಿ ಹುಡುಗರನ್ನು ಕೆಳಗೆ ಕಳಿಸಿ ಕಾದಿದ್ದ. ಅವನ ಸಿಟ್ಟು ಆರಿತ್ತು. ಅದು ಅಯ್ಯಮ್ಮನಿಗೆ ಇನ್ನೂ ಕೆಟ್ಟದೆನಿಸಿತು.

“ನಾ ಕೆಟ್ಟವ ಅಲ್ಲ, ಅಯ್ಯಮ್ಮ. ಗೇಟಿನ ಮುಂದ ನಿಂತೋರಿಂದ ಈ ಕೋಣಿ ನಡಿಯಂಗಿಲ್ಲ. ಇಬ್ಬರು ಹುಡುಗ್ರು ಅದಾರ, ನಾಳೆ ನಾಲ್ಕು ಮಂದಿ ಆಗ್ತಾರ. ಸಣ್ಣದಿದ್ದಾಗ ಎಲ್ಲಾರದೂ ಕೇಳಬಹುದು. ಬೆಳದ ಮ್ಯಾಲ ಯಾರದು ಕೇಳಬೇಕು ಅಂತ ಆರಿಸ್ಬೇಕಾಗ್ತೈತಿ.”

“ಆರಿಸು. ಕದ್ದು ಯಾಕ ಆರಿಸ್ತಿ?”

“ಹೇಳಿದ್ರ ನೀ ಒಪ್ತಿದ್ದಿಲ್ಲ.”

“ಹೌದು, ಒಪ್ತಿದ್ದಿಲ್ಲ.”

ಹಸನ್‌ಸಾಬ್ ಬಾಗಿಲ ಬಳಿ ಚಪ್ಪಲಿ ಕಳಚುತ್ತ ಬೇಕೆಂದೇ ತಡಮಾಡಿದ. ಮರಿಸ್ವಾಮಿ ಸ್ವರ ಇಳಿಸಿದ. “ಆದದ್ದಾತು. ಲಿಂಗಸುಗೂರಿನ ಬದಲಾವಣೆ ಅಲ್ಲಿಗಿರ್ಲಿ. ಬ್ಯಾರೆಯೋರು ಕೇಳಿದ್ರ ಬ್ಯಾರೆ ದರ ಹಚ್ಚಿ ಕೊಡೋಣ. ನೀ ಈಗ ಏಳು ಮಿಲ್ಲಿನ ಕೀಲಿ ಮಾಡು.”

“ಮಾಡ್ತೀನಿ,” ಎಂದಳು ಅಯ್ಯಮ್ಮ.

ಮರಿಸ್ವಾಮಿ ತಲೆಯೆತ್ತಿದ.

“ಮಾಡ್ತೀನಿ. ಸಾವ್ಕಾರ್ರು ಕೀಲಿ ಒತ್ತಿದ್ರ ಗಾಡಿ ಮುಂದ ಬರ್ತೈತಿ. ಹಿಂದ ಬಿದ್ದೋರ ಚೀಟಿಯಾಗ ಕನ್ನಡದಾಗ ಬರ್ತೈತಿ: ಮಾಲಕರ ಹುಕುಮಿನ ಮೇಲೆ ನಿಮಗಿಂತ ಮುಂದೆ ಇಂಥವರನ್ನು ಬಿಡಲಾಗಿದೆ. ಹೆಸರು, ಊರು ಸಹಿತ.”

“ಹುಚ್ಚು ಹಿಡದೈತೇನು? ಯಾರು ತಗೊಳ್ತಾರ ಅದನ್ನ?”

“ಮಾಡೋದು ಸರಿ ಇದ್ರ ಬರಿಯಾಕ ಯಾಕ ನಾಚಿಕಿ?”

“ಅಯ್ಯಮ್ಮ, ಅವ್ರು ಇದನ್ನ ತಗೊಳ್ಳೋದ ಅದನ್ನ ಎಲ್ಲೂ ಬರೀದಿರ್ಲಿ ಅಂತ.”

ಈ ಮಾತು ಬಾಯಿಂದ ಬಂದ ಮೇಲೆ ಮರಿಸ್ವಾಮಿಗೂ ಅದು ಕೇಳಿಸಿತು. ಅವನು ಟೇಬಲ್ಲಿನ ಮೇಲಿದ್ದ ಪೆನ್ನನ್ನು ಆಚೀಚೆ ಸರಿಸಿದ. ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. “ರಾಯಚೂರಿನಾಗ ಹುಡುಗ್ರು ಭಾಳ ಮಂದಿ ಅದಾರ. ಯಾರಾರ ಬರೀತಾರ,” ಎಂದ.

“ಬರೀಲಿ. ನಾ ಬರಿಯಂಗಿಲ್ಲ.”

ಮರುದಿನ ಅವಳು ಗಂಗಾವತಿ ರಸ್ತೆಯ ಮಾಳಿಗೆ ಹತ್ತಲಿಲ್ಲ. ಮಸ್ಕಿಯ ಬಸ್ಸು ಹತ್ತಿದಳು. ಬಸ್‌ಸ್ಟ್ಯಾಂಡಿನಲ್ಲಿ ಹಸನ್‌ಸಾಬ್ ಬಂದು ಡಬ್ಬಿಯನ್ನು ಕಿಟಕಿಯೊಳಗಿಂದ ಅವಳ ತೊಡೆಯ ಮೇಲಿಟ್ಟ. “ನನಗ ಮೂರು ಹೆಣ್ಣುಮಕ್ಕಳು, ತಂಗಿ. ನಾ ನೌಕರಿ ಬಿಡಾಕ ಆಗಂಗಿಲ್ಲ,” ಎಂದ. “ಗೊತ್ತು ಕಾಕಾ,” ಎಂದಳು. ಅವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಇದ್ದ ಸಿಟ್ಟೆಲ್ಲ ಒಂದೇ ಕಡೆ ಬೇಕಾಗಿತ್ತು.

ಮಸ್ಕಿಯ ಜಿನ್ನಿನಲ್ಲೂ ಕಾಯಿ ಒಡೆದು ಆಗಿತ್ತು. ಕಾಟಾದ ಕೋಣೆಯಲ್ಲಿ ಮಾಲಕನೇ ಕೂತಿದ್ದ. ಗೇಟಿನ ಹೊರಗೆ ರಾತ್ರಿಯಿಂದ ನಿಂತ ಬಂಡಿಗಳಿದ್ದವು, ಮಂದಿ ಸುಮ್ಮನೆ ನೋಡುತ್ತಿದ್ದರು. ಅಯ್ಯಮ್ಮ ಡಬ್ಬಿ ಬಿಚ್ಚಿದಳು.

“ಕಂಪನಿಯೋರು ಕಳಿಸ್ಯಾರೇನು?” ಎಂದ ಮಾಲಕ.

“ಇಲ್ರಿ. ನಾನ ಬಂದೀನಿ.”

ಲಿಂಗಸುಗೂರಿನ ಸುದ್ದಿ ಅವಳಿಗಿಂತ ಮೊದಲಿನ ಬಸ್ಸಿಗೇ ಅಲ್ಲಿ ಬಂದು ಇಳಿದಿತ್ತು. ಮಾಲಕ ಒಮ್ಮೆ ಅವಳನ್ನು ನೋಡಿದ, ಒಮ್ಮೆ ಕಿಟಕಿಯಾಚೆಯ ಕಬ್ಬಿಣದ ಹಲಗೆಯನ್ನು ನೋಡಿದ. ಅದು ಇನ್ನೂ ಖಾಲಿಯಿತ್ತು. ಅವನು ಬೈಯುತ್ತಲೇ ಎದ್ದು, ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ಅವಳಿಗೆ ಬಿಟ್ಟ.